ಮಟಮಟ ಮಧ್ಯಾಹ್ನದ ಮೀನು

1957ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಇನ್ನೂ ಮುಗಿದಿರಲಿಲ್ಲ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ತಿಕೋಟಾದ ನಮ್ಮ ಶಾಲೆಯ ಕಿಟಕಿಯಿಂದ ಅಥಣಿ ರಸ್ತೆ ಕಾಣುತ್ತಿತ್ತು, ಅದರ ಮೇಲೆ ಲಾರಿಗಳು ಹೋಗುತ್ತಿದ್ದವು. ಕೂತು ಮಾಡುವ ಕೆಲಸ ಕೆಲಸವೇ ಅಲ್ಲ ಎಂಬುದು ನನಗೆ ಆಗಲೇ ಖಾತ್ರಿಯಾಗಿತ್ತು. ಶಾಲೆಯಲ್ಲಿ ಎಲ್ಲರೂ ಕೂತೇ ಇರುತ್ತಿದ್ದರು, ಮಾಸ್ತರರೂ ಕೂಡ. ಒಂದು ದಿನ ಎದ್ದೆ, ಮತ್ತೆ ಕೂರಲಿಲ್ಲ.

ಸ್ವಲ್ಪ ದಿನ ಹೊಲದಲ್ಲಿ ದುಡಿದೆ. ಆಮೇಲೆ ವಿಜಾಪುರದ ಜೋರಾಪುರ ಪೇಟೆಯ ವ್ಯಾಪಾರಿಯೊಬ್ಬರ ಲಾರಿಗೆ ಕ್ಲೀನರ್ ಆಗಿ ಸೇರಿದೆ. ನಮ್ಮ ಕಡೆಯಿಂದ ಜೋಳ, ಉಳ್ಳಾಗಡ್ಡಿ ಹೇರಿಕೊಂಡು ಘಟ್ಟ ಇಳಿಯುವುದು, ಬರುವಾಗ ಅಂಕೋಲಾ ಕಡೆಯ ಆಗರಗಳಿಂದ ಉಪ್ಪು ತರುವುದು. ಬೇಸಿಗೆಯೇ ಉಪ್ಪಿನ ಸುಗ್ಗಿ. ಲಾರಿಗಳು ಸಾಲಾಗಿ ನಿಲ್ಲುತ್ತಿದ್ದವು, ಪಾಳಿ ಬರುವ ತನಕ ದಿನಗಟ್ಟಲೆ ಸಮುದ್ರದ ದಂಡೆಯಲ್ಲಿ ಬಿದ್ದಿರಬೇಕಾಗಿತ್ತು. ನಮ್ಮ ಲಾರಿಯ ಡ್ರೈವರನನ್ನು ನಾನು ಉಸ್ತಾದ ಎನ್ನುತ್ತಿದ್ದೆ. ಅವನಿಗೆ ಸಮುದ್ರ ಕಂಡರೆ ಆಗುತ್ತಿರಲಿಲ್ಲ. ಉಪ್ಪುಗಾಳಿ ತಾಗಿದರೆ ಎಂಜಿನ್ ಮನಸ್ಸು ಕೆಡಿಸಿಕೊಳ್ಳುತ್ತದೆ ಎಂದು ಲಾರಿಯ ಮುಖವನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸುತ್ತಿದ್ದ, ಬಾನೆಟ್ಟಿಗೆ ತನ್ನ ಕೌದಿ ಹೊದಿಸುತ್ತಿದ್ದ. ಮೇ ತಿಂಗಳ ಸೆಕೆಯಲ್ಲಿ ಕೌದಿ ಹೊದ್ದು ಬೆಚ್ಚಗೆ ನಿಂತ ವಾಹನವನ್ನು ನಾನು ಅಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ.

ಹೇಳಬೇಕಾದ ಸಂಗತಿ ನಡೆದದ್ದು 1964ರ ಬೇಸಿಗೆಯಲ್ಲಿ.

ನಿಡೋಣಿಯಲ್ಲಿ ನನ್ನ ಸೋದರಮಾವನ ಮನೆ. ಮಾವನ ಮಗಳನ್ನು ನನಗೆ ಕೊಡುವ ಮಾತು ನಾವಿಬ್ಬರೂ ಸಣ್ಣವರಿದ್ದಾಗಿನಿಂದ ನಡೆದಿತ್ತು. ಆದರೆ ಆ ವರ್ಷ ವಿಜಾಪುರದಿಂದ ಒಬ್ಬ ಕಾರಕೂನನ ಸಂಬಂಧ ಬಂದಿತ್ತು. ಹುಡುಗ ಮ್ಯಾಟ್ರಿಕ್ ಪಾಸಾಗಿದ್ದ. ಮಾವ ಇತ್ತ ಹೌದು ಅನ್ನುತ್ತಿರಲಿಲ್ಲ, ಅತ್ತ ಅಲ್ಲ ಅನ್ನುತ್ತಿರಲಿಲ್ಲ. ಆ ಮನೆಯಲ್ಲಿ ಕೊನೆಯ ಮಾತು ಆಯಿಯದು, ಅಂದರೆ ನನ್ನ ತಾಯಿಯ ತಾಯಿಯದು. ಅವಳು ಹ್ಞೂಂ ಅನ್ನದೆ ಅಲ್ಲಿ ಒಲೆ ಕೂಡ ಹೊತ್ತುತ್ತಿರಲಿಲ್ಲ. ನಾನು ಹೋದಾಗ ಅವಳು ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು.

"ಆ ಹುಡುಗ ಕುರ್ಚೇದ ಮ್ಯಾಲೆ ಕುಂತು ಕೆಲಸ ಮಾಡತಾನ" ಅಂದಳು. "ನಿನಗ ಕುಂದ್ರಾಕ ಬರೂದಿಲ್ಲ."

"ಕುಂದ್ರೂದೇನ ಕೆಲಸ ಆಯಿ?" ಅಂದೆ. "ಸಮುದ್ರದ ದಂಡ್ಯಾಗ ನೋಡೇನಿ. ಮುಂಜಾನಿಂದ ದಾರ ಹಿಡಕೊಂಡ ಕುಂದರತಾರ. ಕೇಳಿದ್ರ ಮೀನ ಹಿಡ್ಯಾಕತ್ತೇವಿ ಅಂತಾರ. ನಾನಾಗಿದ್ರ ಮಧ್ಯಾಹ್ನದೊಳಗ ಒಂದ ಚೀಲ ತುಂಬಿಸತಿದ್ದೆ."

ಆಯಿಯ ತವರು ಕೃಷ್ಣಾ ನದಿಯ ದಂಡೆ. ಮೀನು ತಿಂದು ಬೆಳೆದವಳು, ಮದುವೆಯಾಗಿ ಈ ಎರೆಮಣ್ಣಿನ ಊರಿಗೆ ಬಂದು ಬದನೆಕಾಯಿ ತಿಂದು ಮುದುಕಿಯಾದವಳು. ಅವಳ ಕೈ ಹುಣಸೆಹಣ್ಣಿನ ಮೇಲೆ ನಿಂತಿತು.

"ಚೀಲ ಬ್ಯಾಡ" ಅಂದಳು. "ಒಂದ ತಾ. ಸಮುದ್ರದ್ದು. ನಿನ್ನ ಕೈಲೆ ಗಾಳ ಹಾಕಿ ಹಿಡದದ್ದು. ಮಿರಗದ ಮಳಿ ಬೀಳೂದ್ರೊಳಗ ತಂದ್ರ ಹುಡಿಗಿ ನಿನಗ. ಇಲ್ಲಂದ್ರ ಆ ಕಾರಕೂನಗ." ಮಿರಗ ಅಂದರೆ ಮೃಗಶಿರ ನಕ್ಷತ್ರದ ಮಳೆ, ಜೂನ್ ಮೊದಲಿಗೆ ಬರುವುದು.

ಮಾವ ಹೇಳಿದ, "ಯವ್ವಾ, ಸಂತ್ಯಾಗ ಕೊಂಡ ತಂದು ಹಿಡದೇನಿ ಅಂದ್ರ ಏನ ಮಾಡತಿ?"

"ಬಲೀ ಮೀನಿನ ಬಾಯಿ ಬ್ಯಾರೆ, ಗಾಳದ ಮೀನಿನ ಬಾಯಿ ಬ್ಯಾರೆ. ನಾ ಕಣ್ಣ ಮುಚಗೊಂಡ ಕುಂತಿಲ್ಲ."

ಒಳಗಿನಿಂದ ಮಾವನ ಮಗಳು ನೀರಿನ ತಂಬಿಗೆ ತಂದಿಟ್ಟಳು. "ನೀರಾಗ ಇಳ್ಯಾಕರ ಬರತದೇನು?" ಎಂದು ಕೇಳಿದಳು. ತಿಕೋಟಾದವನಿಗೆ ಈಜು ಎಲ್ಲಿಂದ ಬರಬೇಕು. ನಾನು ತಂಬಿಗೆಯ ನೀರೆಲ್ಲ ಕುಡಿದೆ.

ದುಡಿಯುವವನಿಗೆ ಯಾವ ವಿದ್ಯೆಯೂ ದೊಡ್ಡದಲ್ಲ. ಅಂಗಡಿಯಿಂದ ದಪ್ಪ ಹುರಿ ತಂದೆ. ತುದಿಗೆ ಬಗ್ಗಿಸಿದ ಒಂದು ಮೊಳೆ, ಭಾರಕ್ಕೆ ಲಾರಿಯ ಒಂದು ನಟ್ಟು ಕಟ್ಟಿದೆ. ನಮ್ಮ ಕಡೆಯ ಡೋಣಿ ಹಳ್ಳದ ನೀರು ಹೇಗೂ ಉಪ್ಪು, ಸಮುದ್ರದ್ದೂ ಉಪ್ಪು. ಅಲ್ಲೇ ಅಭ್ಯಾಸ ಮಾಡಿಕೊಂಡರೆ ಆಯಿತು ಎಂದು ಲೆಕ್ಕ ಹಾಕಿದೆ. ಆದರೆ ಬೇಸಿಗೆಗೆ ಡೋಣಿಯಲ್ಲಿ ಎಮ್ಮೆ ಮೈ ತೊಳೆಯುವಷ್ಟೂ ನೀರಿರಲಿಲ್ಲ. ಹಾಗಾಗಿ ಜೋಳ ಕಿತ್ತ ಹೊಲದಲ್ಲಿ ನಿಂತು ಒಣ ನೆಲಕ್ಕೇ ಗಾಳ ಎಸೆದೆ. ಎರಡು ದಿನದಲ್ಲಿ ಕೈ ಕುದುರಿತು. ದಾರಿಯಲ್ಲಿ ಹೋಗುವವರು ನಿಂತು, "ಏನ ಬಿತ್ಲೇ?" ಎಂದು ಕೇಳುತ್ತಿದ್ದರು. "ಇನ್ನೂ ಏನಿಲ್ರಿ" ಎಂದು ಹೇಳುತ್ತಿದ್ದೆ. ಒಬ್ಬರು ಹೊನವಾಡಕ್ಕೆ ಹೋಗುವ ಬಸ್ಸು ತಪ್ಪಿಸಿಕೊಂಡು ಬಹಳ ಹೊತ್ತು ನಿಂತು ನೋಡಿದರು. ಮೂರನೆಯ ದಿನ ಗಾಳಕ್ಕೆ ಅವರದೇ ರುಮಾಲು ಸಿಕ್ಕಿತು.

ಅಂಕೋಲಾ ಕಡೆ ನಮ್ಮ ಲಾರಿ ನಿಲ್ಲುವಲ್ಲಿ ನದಿಯೊಂದು ಸಮುದ್ರ ಸೇರುತ್ತಿತ್ತು. ಅಳಿವೆಯ ಪಕ್ಕ ಕಪ್ಪು ಬಂಡೆಗಳು. ಅಲ್ಲಿ ಒಬ್ಬ ಮುದುಕ ಗಾಳ ಹಾಕುತ್ತಿದ್ದ. ಮೊದಲು ದೋಣಿಯ ಮೇಲೆ ಹೋಗುತ್ತಿದ್ದನಂತೆ, ಮೊಣಕಾಲು ಕೈಕೊಟ್ಟ ಮೇಲೆ ಬಂಡೆಗೆ ಬಂದಿದ್ದ. ದಿನದ ಹೆಚ್ಚು ಹೊತ್ತು ತೆಂಗಿನ ಮರದ ಬುಡದಲ್ಲಿ ಮಲಗಿರುತ್ತಿದ್ದ. ಎಬ್ಬಿಸಿ ನನ್ನ ಕಷ್ಟ ಹೇಳಿದೆ. ಮದುವೆಯ ಮಾತು ಕೇಳಿ ಎದ್ದು ಕೂತ.

"ಹುಡುಗಿ ಚಂದ ಇದ್ದಾಳಾ?" ಅಂದ.

"ಇದ್ದಾಳ್ರಿ."

"ಹಾಗಾದ್ರೆ ಆ ಹಗ್ಗ ಬಿಸಾಡು. ಅದು ಎಮ್ಮೆ ಕಟ್ಟೋದು."

ತನ್ನ ತೆಳು ದಾರ, ಸಣ್ಣ ಗಾಳ, ಸೀಸದ ಗುಂಡು ಕೊಟ್ಟ. ಬೇಸಿಗೆಯ ಸಮುದ್ರ ಹೇಗೆಂದು ಹೇಳಿದ. ಸೂರ್ಯ ಒಂದು ಮಾರು ಮೇಲೆ ಬಂದರೆ ದಂಡೆಯ ನೀರು ಕಾಯುತ್ತದೆ, ಮೀನು ತಂಪಿಗೆಂದು ಆಳಕ್ಕೆ, ಬಂಡೆಯ ನೆರಳಿಗೆ ಹೋಗಿಬಿಡುತ್ತದೆ. ನಸುಕಿನಲ್ಲಿ ಒಮ್ಮೆ, ಸಂಜೆಗೆ ಒಮ್ಮೆ ದಂಡೆಗೆ ಬರುತ್ತದೆ. ಆಗಲೂ ಉಬ್ಬರದ ನೀರು ಅಳಿವೆಯೊಳಗೆ ನುಗ್ಗುವ ಹೊತ್ತು ಕೂಡಿ ಬರಬೇಕು, ಸಣ್ಣ ಮೀನು ಒಳಗೆ ಬಂದರೆ ಅವುಗಳ ಹಿಂದೆ ದೊಡ್ಡವು ಬರುತ್ತವೆ. ಮಧ್ಯಾಹ್ನ ದಾಟಿದ ಮೇಲೆ ಪಡುವಣ ಗಾಳಿ ಎದ್ದು ನೀರು ರಾಡಿಯಾಗುತ್ತದೆ, ದಾರ ಬಾಗಿ ಹೊಟ್ಟೆ ಬಿಡುತ್ತದೆ, ಮೀನು ಕಚ್ಚಿದ್ದೂ ಗೊತ್ತಾಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಗೆ ಸೆಳೆತ ಜೋರು, ಗುಂಡು ಭಾರದ್ದು ಬೇಕು. ಎರೆಗೆ ಜೀವಂತ ಸಿಗಡಿ, ಇಲ್ಲದಿದ್ದರೆ ಚರ್ಮ ಸಮೇತ ಕೊಯ್ದ ಬಂಗಡೆಯ ಚೂರು. ಅದನ್ನು ಒದ್ದೆ ಗೋಣಿಯ ಕೆಳಗೆ ನೆರಳಿನಲ್ಲಿಡಬೇಕು, ಬಿಸಿಲಿಗೆ ನಾರಿದರೆ ಮೀನು ಮೂಸುವುದಿಲ್ಲ. ನಿನ್ನ ನೆರಳು ನೀರಿಗೆ ಬೀಳಬಾರದು. ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಳ್ಳಬೇಕು. ಮೊದಲ ಸಲ ಕುಟುಕಿದರೆ ಎಳೆಯಬಾರದು, ಅದು ವಿಚಾರಿಸುತ್ತಿದೆ. ಬಾಯೊಳಗೆ ತೆಗೆದುಕೊಂಡು ಹೊರಟಾಗ ಎಳೆಯಬೇಕು.

"ನಡುವ ಏನ ಮಾಡಬೇಕ್ರಿ?" ಎಂದು ಕೇಳಿದೆ.

"ಯಾವ ನಡುವೆ?"

"ಮುಂಜಾನಿಗೂ ಸಂಜೀಗೂ ನಡುವ."

"ಮಲಗೋದು."

ನನಗೆ ಅಲ್ಲೇ ಅನುಮಾನ ಬಂತು. ಮುದುಕ ಹೇಳಿದ್ದೆಲ್ಲ ಕೊನೆಗೆ ಬಂದು ನಿಂತದ್ದು ನಿದ್ದೆಗೆ. ಆಲಸಿಗಳು ತಮಗೆ ಬೇಕಾದ ಹಾಗೆ ಶಾಸ್ತ್ರ ಮಾಡಿಕೊಂಡಿದ್ದಾರೆ ಎಂದುಕೊಂಡೆ. ನಮ್ಮಲ್ಲಿ ಕುಂಟೆ ಹೊಡೆದು ಹೊಲ ಹರಗುವಾಗ ಯಾರಾದರೂ ಬಿಸಿಲಿಗೆ ಅಂಜುತ್ತಾರೆಯೇ? ಜಗತ್ತೆಲ್ಲ ಮಲಗಿದ ಹೊತ್ತಿಗೆ ದುಡಿಯುವವನಿಗೆ ಹೆಚ್ಚು ಸಿಗಬೇಕು. ಸಮುದ್ರಕ್ಕೂ ಅಷ್ಟು ನ್ಯಾಯ ಇರಲೇಬೇಕಲ್ಲ.

ಒಂದು ಬಿದಿರಿನ ಗಳ ತಂದೆ. ನಮ್ಮ ನಾಲ್ಕು ತಾಳಿನ ಕೂರಿಗೆಯಲ್ಲಿ ಬೀಜ ಬೀಳುವಷ್ಟೇ ಅಂತರ ಬಿಟ್ಟು ಅದಕ್ಕೆ ನಾಲ್ಕು ದಾರ, ನಾಲ್ಕು ಗಾಳ ಕಟ್ಟಿದೆ. ಧೋತರ ಮೇಲೆ ಕಟ್ಟಿ, ಸೊಂಟದ ಮಟ ನೀರಿಗಿಳಿದು, ಗಳವನ್ನು ಎದೆಗೆ ಹಿಡಿದು, ದಂಡೆಯ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ನಡೆದೆ. ಬಂಡೆ ಬಂದಾಗ ಬದುವಿನ ಹತ್ತಿರ ಎತ್ತು ತಿರುಗಿಸಿದ ಹಾಗೆ ತಿರುಗಿ, ಪಕ್ಕದ ಸಾಲು ಹಿಡಿದು ದಕ್ಷಿಣದಿಂದ ಉತ್ತರಕ್ಕೆ ಬಂದೆ. ನೀರು ಅಂಬಲಿಯಷ್ಟು ಬಿಸಿ. ಮಧ್ಯಾಹ್ನದ ಹೊತ್ತಿಗೆ ಕಣ್ಣಳತೆಯ ಸಮುದ್ರವೆಲ್ಲ ಹರಗಿ ಮುಗಿದಿತ್ತು. ಆದರೆ ತಿರುಗಿ ನೋಡಿದರೆ ಸಾಲು ಒಂದೂ ಕಾಣುತ್ತಿರಲಿಲ್ಲ. ಇಂಥ ಕೃತಘ್ನ ಹೊಲವನ್ನು ನಾನು ಮತ್ತೆಂದೂ ಕಂಡಿಲ್ಲ.

ಮುದುಕ ಮರದ ಬುಡದಿಂದ ಕೂಗಿದ, "ಮಾರಾಯಾ, ನೀನು ಮೀನು ಹಿಡೀಲಿಕ್ಕೆ ಬಂದದ್ದಾ, ಹೂಟಿ ಮಾಡ್ಲಿಕ್ಕೆ ಬಂದದ್ದಾ?"

"ನೀವು ಮಲಗ್ರಿ" ಅಂದೆ.

ಸಿಕ್ಕಿದ್ದು ಪಾಚಿ, ಒಂದು ಏಡಿ, ಮತ್ತೆ ಮುದುಕ ಏಡಿಗೆಂದು ಇಟ್ಟಿದ್ದ ಬುಟ್ಟಿಯ ಹಗ್ಗ. ಸಂಜೆ ಉಬ್ಬರ ಏರುವಾಗ ಅವನು ಎದ್ದು ಆಕಳಿಸಿ ಬಂಡೆಯ ಮೇಲೆ ಕೂತ. ಬೀಡಿ ಹಚ್ಚಿದ. ಅದು ಮುಗಿಯುವುದರೊಳಗೆ ಕೆಂಬೇರಿ ಎಂಬ ಕೆಂಪು ಮೀನನ್ನು ಎಳೆದು ಹಾಕಿದ. ನನ್ನ ಬೆನ್ನು ಆಗ ಅದೇ ಬಣ್ಣಕ್ಕೆ ತಿರುಗಿತ್ತು.

ಆ ಬೇಸಿಗೆಯಲ್ಲಿ ಎಷ್ಟು ಸಲ ಘಟ್ಟ ಇಳಿದೆವೋ ಅಷ್ಟು ಸಲವೂ ಹೀಗೇ ಆಯಿತು. ಏನೂ ಸಿಗಲಿಲ್ಲ ಅನ್ನುವ ಹಾಗಿರಲಿಲ್ಲ. ಮಟಮಟ ಮಧ್ಯಾಹ್ನ ಒಂದು ಜಾತಿಯದು ಮಾತ್ರ ನನ್ನ ಗಾಳದ ಹತ್ತಿರ ಬರುತ್ತಿತ್ತು. ಎರೆ ಕಚ್ಚಿಕೊಂಡು ಹೋಗುತ್ತಿತ್ತು, ಇಲ್ಲವೇ ದಾರವನ್ನೇ ಕತ್ತರಿಸುತ್ತಿತ್ತು. ಒಮ್ಮೆ ಒಂದು ದಂಡೆಯ ತನಕ ಬಂತು. ಗೇಣುದ್ದದ ಪ್ರಾಣಿ. ಮರಳಿಗೆ ಬಿದ್ದದ್ದೇ ಗುರ್ ಗುರ್ ಎಂದು ಗಾಳಿ ಕುಡಿದು ಉಬ್ಬಿತು, ಉಬ್ಬುತ್ತಾ ಮೈತುಂಬ ಮುಳ್ಳು ನಿಲ್ಲಿಸಿ ಚೆಂಡಾಯಿತು, ಉರುಳಿಕೊಂಡು ನೀರಿಗೆ ಹೋಯಿತು. ಉಸ್ತಾದ ಅದನ್ನು ದೂರದಿಂದ ನೋಡಿದ. ಅವತ್ತಿನಿಂದ ಟೈರಿಗೆ ಗಾಳಿ ತುಂಬುವಾಗ ನನ್ನನ್ನು ಹತ್ತಿರ ಬಿಡಲಿಲ್ಲ.

"ಅದು ವಿಷ" ಎಂದು ಮುದುಕ ಹೇಳಿದ. "ನಾಯಿಯೂ ಮುಟ್ಟೋದಿಲ್ಲ. ಬಿಸಿಲಿಗೆ ಎಲ್ಲಾ ಮೀನು ಮಲಗಿದಾಗ ಅದೊಂದು ತಿರುಗ್ತದೆ, ನಿನ್ನ ಹಾಗೆ."

ಕೊನೆಯ ಸಲ ಹೋದಾಗ ಮೋಡ ಕಟ್ಟುತ್ತಿತ್ತು. ಪಡುವಣ ದಿಕ್ಕಿನಿಂದ ಅಲೆಗಳು ಉದ್ದುದ್ದ ಬರುತ್ತಿದ್ದವು. ದೋಣಿಗಳನ್ನು ದಂಡೆಯ ಮೇಲಕ್ಕೆ ಎಳೆದು ಸೋಗೆ ಹೊದಿಸುತ್ತಿದ್ದರು. ಇನ್ನು ನಾಲ್ಕೈದು ದಿನದಲ್ಲಿ ಸಮುದ್ರ ಮುಚ್ಚುತ್ತದೆ ಎಂದು ಮುದುಕ ಹೇಳಿದ. ನಿಡೋಣಿಯಿಂದ ಬಂದ ಸುದ್ದಿ ಇನ್ನೂ ಕೆಟ್ಟದಿತ್ತು. ಕಾರಕೂನನ ಮನೆಯವರು ಬಂದು, ಉಪ್ಪಿಟ್ಟು ತಿಂದು, ಹುಡುಗಿಯ ಹೊಲಿಗೆ ನೋಡಿ ಹೊಗಳಿ ಹೋಗಿದ್ದರು.

ಅವತ್ತು ನಾನು ಸೋತೆ. ಮುದುಕನ ಪಕ್ಕ ನಸುಕಿನಲ್ಲಿ ಹೋಗಿ ಕೂತೆ. ಎದ್ದೆ. ಮತ್ತೆ ಕೂತೆ. ಅವನು ನನ್ನ ಹೆಗಲ ಮೇಲೆ ಕೈ ಒತ್ತಿ ಹಿಡಿದುಕೊಂಡ. ಬೆರಳಿನ ಮೇಲಿನ ದಾರ ಟಪ್ ಎಂದಿತು. ಮೀನು ವಿಚಾರಿಸುತ್ತಿದೆ ಎಂದು ಗೊತ್ತಿತ್ತು. ಆದರೆ ವಿಚಾರಿಸಿದವರಿಗೆ ತಕ್ಷಣ ಉತ್ತರ ಕೊಡುವುದು ನಮ್ಮ ಮನೆಯ ರೀತಿ. ಎಳೆದುಬಿಟ್ಟೆ. ಬರೀ ಗಾಳ ಹಾರಿ ಬಂದು ಮುದುಕನ ಬೀಡಿ ಕಿತ್ತುಕೊಂಡು ಹಿಂದಕ್ಕೆ ಹೋಯಿತು.

"ನೀನು ಹೋಗಿ ನಿನ್ನ ಹೂಟಿ ಮಾಡು" ಅಂದ.

ಮರುದಿನ ಮಧ್ಯಾಹ್ನ ನಮ್ಮ ಪಾಳಿ ಬಂತು. ಉಪ್ಪಿನ ಚೀಲ ಹೇರಿ ಮುಗಿಸಿ, ಉಸ್ತಾದ ಬಾನೆಟ್ಟಿನ ಕೌದಿ ತೆಗೆದು ಮಡಚುವಷ್ಟರಲ್ಲಿ ನಾನು ಓಡಿ ಹೋಗಿ ಒಂದೇ ಗಾಳ ಎಸೆದೆ. ನೆತ್ತಿಯ ಮೇಲೆ ಸೂರ್ಯ. ನನ್ನ ನೆರಳು ನನ್ನ ಕಾಲ ಕೆಳಗೇ ಇತ್ತು, ನೀರಿಗೆ ಬೀಳುವ ಪ್ರಶ್ನೆ ಇರಲಿಲ್ಲ. ಬಂಡೆಯ ಮೇಲೆ ಗಾಳ ಹಾಕುವವರೆಲ್ಲ ಮಲಗಿದ್ದರು. ದಾರ ಬಿಗಿಯಿತು, ಎಳೆದೆ. ಬಂದದ್ದು ಅದೇ ಮುಳ್ಳಿನ ಮೀನು. ಗಾಳ ತುಟಿಯ ಮೂಲೆಗೆ ಸರಿಯಾಗಿ ನೆಟ್ಟಿತ್ತು. ಮರಳ ಮೇಲೆ ಉಬ್ಬಿ ಕೂತು ನನ್ನನ್ನು ಎರಡು ದುಂಡು ಕಣ್ಣಿಂದ ನೋಡಿತು.

ಮುದುಕ ಎದ್ದು ಬಂದು ನೋಡಿ, "ಬಿಟ್ಟುಬಿಡು" ಅಂದ.

"ನಾ ಹಿಡದದ್ದ್ರಿ ಇದು. ಹ್ಯಾಂಗ ಬಿಡ್ಲಿ?"

ಅವನು ಸ್ವಲ್ಪ ಹೊತ್ತು ನಕ್ಕ. ಆಮೇಲೆ ಹಳೆಯ ಚೂರಿ ತಂದು ಅದರ ಹೊಟ್ಟೆಯಲ್ಲಿದ್ದುದನ್ನೆಲ್ಲ ತೆಗೆದು ಹೂತು, ಚೂರಿಯನ್ನು ಸಮುದ್ರಕ್ಕೆ ಎಸೆದ. ಒಳಗೆ ಉಪ್ಪು ಸವರಿ, ಮರದ ಹೊಟ್ಟು ತುಂಬಿ, ಉಬ್ಬಿದ ಹಾಗೆಯೇ ನಿಲ್ಲುವಂತೆ ಹೊಲಿದುಕೊಟ್ಟ. "ಯಾರೂ ತಿನ್ನಬಾರದು. ನಿನ್ನ ಕೈಲಿ ಆಣೆ ಮಾಡಿಸ್ತೇನೆ" ಎಂದು ಮಾಡಿಸಿದ. ಉಸ್ತಾದ ಅದನ್ನು ಕ್ಯಾಬಿನ್ನಿನೊಳಗೆ ಬಿಟ್ಟುಕೊಳ್ಳಲಿಲ್ಲ. ಉಪ್ಪಿನ ಚೀಲಗಳ ಮೇಲೆ ಹಗ್ಗಕ್ಕೆ ಕಟ್ಟಿದೆ. ಘಟ್ಟ ಹತ್ತಿ, ಹುಬ್ಬಳ್ಳಿ ದಾಟಿ, ವಿಜಾಪುರದ ಬಿಸಿಲಿಗೆ ಬರುವಷ್ಟರಲ್ಲಿ ಅದು ಒಣಗಿ ಹಲಗೆಯ ಹಾಗೆ ಟಣಟಣ ಎನ್ನುತ್ತಿತ್ತು.

ಬಬಲೇಶ್ವರದ ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಮುಳ್ಳು ಚುಚ್ಚುತ್ತಿದ್ದರಿಂದ ಬಹಳ ಹೊತ್ತು ಕೂರಲಾಗಲಿಲ್ಲ, ನಿಂತೆ. ನನ್ನ ಸೀಟಿನ ಮೇಲೆ ಮೀನು ಕೂತಿತು. ಕಂಡಕ್ಟರ ಬಂದ.

"ಇದಕ್ಕ ಟಿಕೀಟ ಬೇಕ್ರಿ."

"ಯಾಕ್ರಿ? ಸತ್ತೇತಿ."

"ಕುಂತೈತೆಲ್ಲಾ. ನೀವು ನಿಂತೀರಿ, ಅದು ಕುಂತೈತಿ."

ಹಿಂದಿನ ಸೀಟಿನ ಮುದುಕರೊಬ್ಬರು, "ಅರ್ಧಾ ಟಿಕೀಟ ಮಾಡ್ರಿ, ಸಣ್ಣದೈತಿ" ಎಂದರು. ಕೊನೆಗೆ ಅದನ್ನು ಎತ್ತಿ ತಲೆಯ ಮೇಲೆ ಹಿಡಿದುಕೊಂಡ ಮೇಲೆ ತಕರಾರು ಮುಗಿಯಿತು. ಬಬಲೇಶ್ವರದಲ್ಲಿ ಇಳಿದು ಚಕ್ಕಡಿ ಹಿಡಿದು ನಿಡೋಣಿಗೆ ಹೋದೆ. ದಾರಿಯುದ್ದಕ್ಕೂ ಎತ್ತುಗಳು ಹಿಂತಿರುಗಿ ಹಿಂತಿರುಗಿ ನೋಡಿದವು.

ಮಾವನ ಕಟ್ಟೆಯ ಸುತ್ತ ಓಣಿಯವರೆಲ್ಲ ನೆರೆದರು. ನಾನು ಮೀನನ್ನು ಆಯಿಯ ಮುಂದಿಟ್ಟೆ. ಒಬ್ಬ ಹಿರಿಯರು ಬಗ್ಗಿ ನೋಡಿದರು.

"ಮೀನ ತಾ ಅಂದ್ರ ಡಬಗಳ್ಳಿ ತಂದಾನ."

"ಡಬಗಳ್ಳಿಗೆ ಕಣ್ಣ ಎಲ್ಲೈತ್ರಿ ಕಾಕಾ?"

"ಹಂಗಾದ್ರ ಮುಳ್ಳಹಂದಿ ಮರಿ."

"ಬಾಲ ನೋಡ್ರಿ. ಮೀನಿಂದ ಐತಿ ಬಾಲ."

"ಬಾಲ ಮೀನಿಂದ ಇದ್ದ ಮಾತ್ರಕ್ಕ? ನೀರಾಗ ಹಾಕಿ ನೋಡ್ರಿ, ಮೀನ ಇದ್ರ ಮುಳಗತದ."

ಕೊಪ್ಪರಿಗೆಯಲ್ಲಿ ನೀರು ತುಂಬಿ ಹಾಕಿದರು. ಹೊಟ್ಟು ತುಂಬಿದ ಮೀನು, ತೇಲಿತು. ತೇಲಿದ್ದು ನೋಡಿ ಅರ್ಧ ಜನ ಇದು ಮೀನಲ್ಲ ಎಂದು ತೀರ್ಮಾನ ಕೊಟ್ಟರು. ಉಳಿದವರು ಸಮುದ್ರದ ಮೀನು ಉಪ್ಪುನೀರಿನಲ್ಲಿ ಮಾತ್ರ ಮುಳುಗುತ್ತದೆ ಎಂದು ವಾದಿಸಿ, ಅಡುಗೆಮನೆಯಿಂದ ಉಪ್ಪು ತರಿಸಿ ಕೊಪ್ಪರಿಗೆಗೆ ಹಾಕಿದರು. ಮತ್ತೂ ತೇಲಿತು. ಮಾವ ನನ್ನ ಮುಖ ನೋಡುವುದನ್ನು ಬಿಟ್ಟ. ಇಡೀ ಬೇಸಿಗೆ ದುಡಿದದ್ದು ಆ ಕೊಪ್ಪರಿಗೆಯಲ್ಲಿ ತೇಲುತ್ತಿತ್ತು.

ಆಯಿ ಕೈ ಚಾಚಿದಳು. "ಇತ್ತ ಕೊಡ್ರಿ."

ಮೀನಿನ ಬಾಯಿ ಬಿಡಿಸಿ ಬೆರಳಿನಿಂದ ತಡವಿದಳು. ತುಟಿಯ ಮೂಲೆಯ ತೂತಿನಲ್ಲಿ ಅವಳ ಬೆರಳು ನಿಂತಿತು.

"ಯಾವ ಹೊತ್ತಿನ್ಯಾಗ ಸಿಕ್ತು?"

"ಮಟಮಟ ಮಧ್ಯಾಹ್ನ, ಆಯಿ."

"ನೀರು ಹೆಂಗಿತ್ತು?"

"ಕಾಲ ಸುಡತಿತ್ತು. ಅದರಾಗ ಸಾಲ ಹಿಡದು ಹರಗೇನಿ."

"ಉಳಿದವ್ರು ಏನ ಮಾಡಾಕತ್ತಿದ್ರು?"

"ಮಲಗಿದ್ರು."

"ಅವ್ರಿಗೆ ಮೀನ ಸಿಗಲಿಲ್ಲೇನು?"

"ಸಿಕ್ಕಾವು. ದೊಡ್ಡೂವು, ಕೆಂಪಾನೂವು. ಹೊತ್ತ ಹುಟ್ಟೂ ಮುಂದ, ಹೊತ್ತ ಮುಣಗೂ ಮುಂದ."

"ನಿನಗ?"

"ಇದು."

ಆಯಿ ಸುತ್ತ ನೆರೆದವರನ್ನು ನೋಡಿದಳು. "ಸಂತ್ಯಾಗ ಇಟ್ಟರ ಇದನ್ನ ಯಾರ ಕೊಳ್ಳತೀರಿ?" ಎಂದು ಕೇಳಿದಳು. ಯಾರೂ ಕೈ ಎತ್ತಲಿಲ್ಲ. "ಬ್ಯಾರೆ ಯಾರರ ಹಿಡದು ಇವಗ ಕೊಟ್ಟಾರೇನು? ಬಿಸಲಾಗ ಗಾಳ ಹಾಕೂ ಮನಶಾ ನಮ್ಮ ಕೃಷ್ಣಾ ದಂಡ್ಯಾಗೂ ಒಬ್ಬನೂ ಇರಲಿಲ್ಲ. ಕೊಂಡ ತರೂ ಹಂಗಿದ್ರ ಚಲೋದ ತರತಿದ್ದ. ಇದು ಇಂವಾ ಹಿಡದದ್ದ."

"ಅಂದ್ರ ಮೀನ ಹೌದೇನ ಬೇ?" ಎಂದ ಮಾವ.

"ಮೀನೋ ಏನೋ. ಹಿಡದದ್ದಂತೂ ಖರೆ. ಶಾಣ್ಯಾ ಅಲ್ಲ ಇಂವಾ, ಆದ್ರ ಸುಳ್ಳ ಹೇಳಾಕ ಬರೂದಿಲ್ಲ. ಇಂಥಾ ಬಿಸಲಾಗ ಹುಡಿಗೀ ಸಲವಾಗಿ ಸಮುದ್ರ ಹರಗ್ಯಾನ. ಆ ಕಾರಕೂನ ಕುರ್ಚಿ ಬಿಟ್ಟ ಏಳತಾನೇನು ಕೇಳು."

"ಹಂಗಾದ್ರ ಹ್ಞೂಂ ಅಂದಂಗೇನು?"

"ಅಂದಂಗ. ಇದನ್ನ ಬಾಗಲಕ್ಕ ಕಟ್ರಿ. ಇದರ ಮುಂದ ಯಾವ ದಿಟ್ಟೀನೂ ನಿಂದ್ರೂದಿಲ್ಲ."

ಮಾವನ ಮಗಳು ಬಾಗಿಲ ಮರೆಯಲ್ಲಿ ನಿಂತಿದ್ದಳು. ನೀರಿನ ತಂಬಿಗೆ ಕೊಡಲು ಬಂದವಳು ಮೆಲ್ಲಗೆ, "ಇನ್ನ ಮುಂದ ಸಂತಿಗೆ ನಾನ ಹೋಗತೇನಿ" ಅಂದಳು. ಇವತ್ತಿನವರೆಗೂ ಅವಳೇ ಹೋಗುತ್ತಾಳೆ.

ಎರಡು ದಿನಕ್ಕೆ ಮಿರಗದ ಮಳೆ ಬಿತ್ತು. ಬಾಗಿಲಿಗೆ ಕಟ್ಟಿದ ಮೀನಿಗೆ ತಂಪು ತಾಗಿ, ಒಳಗಿನ ಉಪ್ಪು ನೀರೊಡೆದು, ಅಂಕೋಲಾದ ದಂಡೆಯೇ ನಿಡೋಣಿಗೆ ಬಂದ ಹಾಗೆ ವಾಸನೆ ಹೊಡೆಯಿತು. ಮದುವೆ ಅದೇ ವಾಸನೆಯಲ್ಲಿ ಆಯಿತು. ಬೀಗರು ಅಕ್ಕಿಕಾಳು ಹಾಕಿ ಬೇಗ ಬೇಗ ಎದ್ದರು. ಆಯಿ ಮಾತ್ರ ಹೊಸ್ತಿಲ ಹತ್ತಿರ ಕೂತು ಉಸಿರೆಳೆದುಕೊಳ್ಳುತ್ತಾ, ತವರಿಗೆ ಹೋಗಿ ಬಂದಂತಾಯಿತು ಎನ್ನುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಮಾವ ಆ ಮೀನನ್ನು ನನಗೇ ತಂದುಕೊಟ್ಟ. ನಮ್ಮ ಮನೆಗೆ ಹೊಸ ಬಾಗಿಲು ಹಾಕಿಸಿದಾಗ ಮಕ್ಕಳು ಅದನ್ನು ತೆಗೆಯೋಣ ಅಂದರು. ಅವರ ತಾಯಿ ಬಿಡಲಿಲ್ಲ.

ಈಗ ನನಗೆ ತಿಕೋಟಾದಲ್ಲಿ ಒಂದು ಮನೆ, ಆರು ಎಕರೆ ದ್ರಾಕ್ಷಿ, ಎರಡು ಲಾರಿ, ಮೂವರು ಮಕ್ಕಳು, ಏಳು ಮೊಮ್ಮಕ್ಕಳು, ಒಬ್ಬಳು ಹೆಂಡತಿ, ಒಂದು ಮೀನು.